ಚಳಿಯಲ್ಲಿ ಬೆಳಕೇ ಭಾರ

ನಮ್ಮ ತಾರಸಿಯ ಪ್ಯಾರಪೆಟ್ ಗೋಡೆಯ ಮೇಲೆ ಮಳೆನೀರು ಇಳಿಯುವ ಜಾಗದಲ್ಲೆಲ್ಲ ಕಪ್ಪು ಪಟ್ಟೆಗಳಿವೆ. ಬೆಂಗಳೂರಿನ ಯಾವ ಹಳೇ ಕಟ್ಟಡದ ಮೇಲಾದರೂ ಕಾಣುವಂಥವೇ. ಬಣ್ಣ ಬಳಿಯಲು ಬಂದಿದ್ದ ಹಿರಿಯರೊಬ್ಬರು ತಂತಿ ಬ್ರಷ್ಷಿನಲ್ಲಿ ಅದನ್ನು ಉಜ್ಜುತ್ತಾ, "ಇದು ಹೊಗೆ ಮಸಿ ಅಲ್ಲ ಸಾರ್, ಪಾಚಿ. ಎಷ್ಟು ಉಜ್ಜಿ ಬಳಿದ್ರೂ ಎರಡು ಮಳೆಗಾಲ ಅಷ್ಟೇ, ಮತ್ತೆ ಬರುತ್ತೆ" ಅಂದರು. ಅವರು ಹೇಳಿದ್ದು ಸರಿ. ಇಂಥ ಪಟ್ಟೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಕೈಟೋನೀಮಾ, ಟೋಲಿಪೋಥ್ರಿಕ್ಸ್ ಜಾತಿಯ ಸಯನೋಬ್ಯಾಕ್ಟೀರಿಯಾಗಳು, ಅಂದರೆ ನೀಲಿ-ಹಸಿರು ಪಾಚಿ ಎಂದು ಕರೆಯುವ ಬ್ಯಾಕ್ಟೀರಿಯಾಗಳು. ಹಳೇ ದೇವಸ್ಥಾನಗಳ ಹೊರಗೋಡೆಗಳನ್ನು ಕಪ್ಪು ಮಾಡುವವರಲ್ಲೂ ಇವುಗಳ ಪಾಲು ದೊಡ್ಡದು. ನೇರಳಾತೀತ ಕಿರಣ ತಡೆಯಲು ಇವು ಸ್ಕೈಟೋನೆಮಿನ್ ಎಂಬ ಕಂದುಬಣ್ಣದ ವಸ್ತುವನ್ನು ಹೊದ್ದುಕೊಂಡಿರುತ್ತವೆ. ಒಳಗೆ ಮಾತ್ರ ಹಸಿರು, ಬಿಸಿಲಿನಿಂದ ಊಟ ಮಾಡಿಕೊಳ್ಳುವ ಅದೇ ಹಸಿರು.

ಆ ದಿನದಿಂದ ತಲೆಗೆ ಹತ್ತಿಕೊಂಡಿದ್ದು ಒಂದೇ ಪ್ರಶ್ನೆ. ಜನವರಿಯ ಬೆಳಗಿನ ಜಾವ ಈ ಗೋಡೆ ಮುಟ್ಟಿದರೆ ಕೈ ತಣ್ಣಗೆ ಕೊರೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಗೈ ಇಡಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಅದು ಒಣಗಿ, ಎಲ್ಲ ಕೆಲಸ ನಿಲ್ಲಿಸಿ ಕೂತಿರುತ್ತದೆ ಅನ್ನುವುದು ನಿಜ. ಒಣಗಿದ ಜೀವಕ್ಕೆ ಸೆಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಸೆಪ್ಟೆಂಬರಿನಲ್ಲಿ? ಒದ್ದೆ ಗೋಡೆ, ಒಳ್ಳೆ ಬಿಸಿಲು, ಮೂರು ಗಂಟೆಗೆ ಧೋ ಎಂದು ಮಳೆ, ಹತ್ತು ನಿಮಿಷದಲ್ಲಿ ಗೋಡೆಯ ತಾಪ ಎಲ್ಲಿಂದೆಲ್ಲಿಗೋ ಇಳಿದಿರುತ್ತದೆ. ನಮಗಾದರೆ ಒಳಗೊಂದು 37 ಡಿಗ್ರಿಯ ಒಲೆ ಇದೆ, ಮೇಲೊಂದು ಸ್ವೆಟರ್ ಇದೆ. ಮಿಲಿಮೀಟರಿನ ಸಾವಿರದ ಕೆಲವು ಪಾಲಿನಷ್ಟಿರುವ ಕೋಶಕ್ಕೆ ತನ್ನದೇ ಆದ ತಾಪಮಾನ ಅನ್ನುವುದೇ ಇಲ್ಲ. ಹುಟ್ಟಿದ ಶಾಖ ಕ್ಷಣಾರ್ಧದಲ್ಲಿ ಸುತ್ತಲಿನ ನೀರಿಗೆ ಹೋಗಿಬಿಡುತ್ತದೆ. ನೀರು ಎಷ್ಟು ಬಿಸಿಯೋ ಅದೂ ಅಷ್ಟೇ ಬಿಸಿ. ಹಾಗಿದ್ದೂ ಅದು ದಿನಾ ಸಕ್ಕರೆ ಮಾಡುತ್ತದೆ, ಎರಡಾಗುತ್ತದೆ, ಪೇಂಟರನ್ನು ಸೋಲಿಸುತ್ತದೆ.

ಇದಕ್ಕೆ ಉತ್ತರ ಹುಡುಕುತ್ತಾ ಹೋದವನು ಕೋಶದ ಪೊರೆಯ ಹತ್ತಿರ ಸಿಕ್ಕಿಹಾಕಿಕೊಂಡೆ. ಅಲ್ಲಿಂದ ಇನ್ನೂ ಪೂರ್ತಿ ಹೊರಬಂದಿಲ್ಲ.

ಬಾಗಿದ ಬಾಲಗಳು

ಪಿಯುಸಿ ಪುಸ್ತಕದ ಆ ಚಿತ್ರ ಎಲ್ಲರಿಗೂ ನೆನಪಿರುತ್ತದೆ: ದುಂಡು ತಲೆ, ಕೆಳಗೆ ಎರಡು ಬಾಲ ಇರುವ ಲಿಪಿಡ್ ಎಂಬ ಕೊಬ್ಬಿನ ಅಣುಗಳು, ಹಾಗೆ ಸಾಲಾಗಿ ನಿಂತ ಎರಡು ಪದರ, ನಡುನಡುವೆ ಪ್ರೋಟೀನಿನ ಗುಂಡುಕಲ್ಲುಗಳು. ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಮುಂದಿಟ್ಟ ಮಾದರಿ. ಪರೀಕ್ಷೆಯಲ್ಲಿ ಬಿಡಿಸಿ, ಭಾಗ ಗುರುತಿಸಿ ಅಂಕ ತೆಗೆದುಕೊಂಡಿದ್ದೇವೆ. ಆ ಚಿತ್ರದ ತೊಂದರೆ ಏನೆಂದರೆ ಅದು ನೋಡಲು ಕಾಂಪೌಂಡ್ ಗೋಡೆಯ ಹಾಗಿದೆ. ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುವುದಷ್ಟೇ ಅದರ ಕೆಲಸ ಅನ್ನಿಸುತ್ತದೆ. ನಿಜವಾದ ಪೊರೆ ಹರಿದಾಡುವ ಎಣ್ಣೆಯ ಪದರ. ಅದರೊಳಗೆ ಪ್ರೋಟೀನುಗಳು ಸದಾ ಸರಿದಾಡುತ್ತಿರಬೇಕು, ಒಂದನ್ನೊಂದು ಹುಡುಕಿ ಸೇರಬೇಕು, ಬಿಡಬೇಕು. ಎಣ್ಣೆ ಹೆಪ್ಪುಗಟ್ಟಿದರೆ ಆ ಓಡಾಟ ನಿಲ್ಲುತ್ತದೆ. ಗಟ್ಟಿಯಾದ ಭಾಗಕ್ಕೂ ಸಡಿಲ ಭಾಗಕ್ಕೂ ನಡುವಿನ ಸಂದಿಯಲ್ಲಿ ಅಯಾನುಗಳು ಸೋರಿಹೋಗುತ್ತವೆ.

ಎಣ್ಣೆ ಯಾವಾಗ ಹೆಪ್ಪುಗಟ್ಟುತ್ತದೆ ಅನ್ನುವುದು ಬಾಲದ ಆಕಾರದ ಮೇಲೆ ನಿಂತಿದೆ. ಹದಿನೆಂಟು ಇಂಗಾಲದ ಬಾಲವನ್ನೇ ತೆಗೆದುಕೊಳ್ಳಿ. ದ್ವಿಬಂಧವೇ (ಇಂಗಾಲಗಳ ನಡುವಿನ ಜೋಡಿ ಬಂಧ) ಇಲ್ಲದ ಸ್ಟಿಯರಿಕ್ ಆಮ್ಲ ಕರಗುವುದು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಡುವೆ ಒಂದು ದ್ವಿಬಂಧ ಇಟ್ಟರೆ ಒಲೀಕ್ ಆಮ್ಲ, 13 ಡಿಗ್ರಿ. ಎರಡು ಇಟ್ಟರೆ ಲಿನೊಲೀಕ್, ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಮೂರಕ್ಕೆ ಲಿನೊಲೆನಿಕ್, ಸೊನ್ನೆಗಿಂತ 11 ಡಿಗ್ರಿ ಕೆಳಗೆ. ಇಂಗಾಲದ ಸಂಖ್ಯೆ ಒಂದೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕಾರು ಹೈಡ್ರೋಜನ್ ಕಿತ್ತುಹಾಕಿದ್ದಕ್ಕೆ ಇಷ್ಟೆಲ್ಲ ವ್ಯತ್ಯಾಸ. ದ್ವಿಬಂಧ ಇರುವ ಜಾಗದಲ್ಲಿ ಬಾಲ ಬಾಗುತ್ತದೆ, ಬಾಗಿದ ಬಾಲಗಳು ಒತ್ತೊತ್ತಾಗಿ ಕೂರಲಾರವು, ಅಷ್ಟೇ ಕಾರಣ.

ಚಳಿ ಬಂದಾಗ ಸಯನೋಬ್ಯಾಕ್ಟೀರಿಯಾ ಮಾಡುವುದು ಇದನ್ನೇ. ಡಿಸ್ಯಾಚುರೇಸ್ ಎಂಬ ಕಿಣ್ವಗಳು ಪೊರೆಯ ಬಾಲಗಳಿಂದ ಹೈಡ್ರೋಜನ್ ಕಿತ್ತು ದ್ವಿಬಂಧ ಹಾಕುತ್ತವೆ. ನನಗೆ ಇಲ್ಲಿ ಬಹಳ ಹಿಡಿಸಿದ ವಿಷಯ ಒಂದಿದೆ. ಪೊರೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವ ಗೊಡವೆಗೇ ಇವು ಹೋಗುವುದಿಲ್ಲ. ಲಿಪಿಡ್ ಪೊರೆಯಲ್ಲಿ ನಿಂತ ಜಾಗದಲ್ಲೇ ಇರುವಾಗ, ಅದರ ಬಾಲವನ್ನು ಅಲ್ಲೇ ಹಿಡಿದು ತಿದ್ದುತ್ತವೆ. ಹಾಗಾಗಿ ಕೋಶ ಬೆಳೆಯದೇ ನಿಂತುಹೋದ ಚಳಿಯಲ್ಲೂ, ಹೊಸ ಕೊಬ್ಬಿಗೆ ಕಾಯದೆ, ಗಂಟೆಗಳ ಲೆಕ್ಕದಲ್ಲಿ ಪೊರೆಯ ಹದ ಬದಲಾಗಬಲ್ಲದು. ಈ ಕೆಲಸಕ್ಕೆ ಬೇಕಾದ ಆಮ್ಲಜನಕ, ಎಲೆಕ್ಟ್ರಾನು ಎರಡೂ ದ್ಯುತಿಸಂಶ್ಲೇಷಣೆಯಿಂದಲೇ ಸಿಗುತ್ತವೆ.

ತೊಟ್ಟಿಯ ಮೇಲಿನ ಪರದೆ

ಇಷ್ಟನ್ನು ಓದಿದ ಮೇಲೂ ನನ್ನ ತಲೆಯಲ್ಲಿದ್ದ ಚಿತ್ರ ಸರಳವಾಗಿತ್ತು: ಚಳಿ ಬಂದರೆ ಪೊರೆ ಗಟ್ಟಿ, ಗಟ್ಟಿಯಾದರೆ ಸಾವು. ಅದಕ್ಕೊಂದು ತಿರುವು ಸಿಕ್ಕಿದ್ದು ಮೈಸೂರಿನ ಕಡೆಯ ಒಂದು ಸಣ್ಣ ಸ್ಪಿರುಲಿನಾ ಘಟಕದಲ್ಲಿ. ಸ್ಪಿರುಲಿನಾ ಅಂದರೆ ಆಹಾರಕ್ಕೆಂದು ಬೆಳೆಸುವ ಒಂದು ಸಯನೋಬ್ಯಾಕ್ಟೀರಿಯಾ. (ಮೈಸೂರಿಗೂ ಸ್ಪಿರುಲಿನಾಗೂ ಹಳೇ ನಂಟು. ಅದನ್ನು ಬೆಳೆಸುವ ಬಗ್ಗೆ ಅಲ್ಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬಹಳ ಕೆಲಸ ಆಗಿದೆ.) ಸ್ನೇಹಿತನ ಜೊತೆ ಹೋಗಿದ್ದೆ, ಡಿಸೆಂಬರಿನ ಬೆಳಿಗ್ಗೆ. ಸಿಮೆಂಟಿನ ಉದ್ದನೆಯ ತೊಟ್ಟಿಗಳು, ಮೊಣಕಾಲಿಗಿಂತ ಕಡಿಮೆ ಆಳದ ಕಡುಹಸಿರು ನೀರು, ಮೇಲೆ ಹಸಿರು ಶೇಡ್ ನೆಟ್. ಬಿಸಿಲು ಚೆನ್ನಾಗಿ ಬಿದ್ದಿತ್ತು. ಪರದೆ ಮಾತ್ರ ಹಾಕಿದ್ದು ಹಾಗೇ ಇತ್ತು. ಸೌರಶಕ್ತಿಯ ಬೆಳೆಗೆ ಬೆಳಿಗ್ಗೆ ಬೆಳಿಗ್ಗೆ ನೆರಳೇಕೆ? ಉದ್ದ ಕೋಲಿನಿಂದ ನೀರು ಕಲಕುತ್ತಿದ್ದ ಹೆಂಗಸನ್ನು ಕೇಳಿದೆ: "ಅಕ್ಕಾ, ಇನ್ನೂ ಪರದೆ ತೆಗೆದಿಲ್ವಲ್ಲ?"

"ನೀರು ಬೆಚ್ಚಗಾಗ್ಲಿ ಸಾರ್, ಆಮೇಲೆ ತೆಗೀತೀವಿ" ಅಂದರು. "ತಂಪಿಗೆ ಇದು ಕೆಡಲ್ಲ. ತಂಪಲ್ಲಿ ಬಿಸಿಲು ಬಿದ್ರೇ ಕೆಡೋದು. ಹಳದಿಗೆ ತಿರುಗಿಬಿಡುತ್ತೆ."

ಬರುವಾಗ ದಾರಿಯುದ್ದಕ್ಕೂ ನನಗೆ ಇದೇ ಮಾತು. ಸ್ಪಿರುಲಿನಾ ಹುಲುಸಾಗಿ ಬೆಳೆಯುವುದು 35 ಡಿಗ್ರಿಯ ಆಸುಪಾಸಿನಲ್ಲಿ. ಮೈಸೂರಿನ ಡಿಸೆಂಬರಿನ ಬೆಳಗು ಅದಕ್ಕೆ ನಿಜಕ್ಕೂ ಚಳಿಯೇ. ಆದರೆ ಇಡೀ ರಾತ್ರಿ ಅದೇ ಚಳಿಯಲ್ಲಿ ಇದ್ದದ್ದಕ್ಕೆ ಏನೂ ಆಗದೆ, ಸೂರ್ಯ ಬಂದಮೇಲೆ ಕೆಡುತ್ತದೆ ಎಂದರೆ?

ವಿಷಯ ಇರುವುದು ಹೀಗೆ. ಹರಿತ್ತು ಬೆಳಕನ್ನು ಹಿಡಿಯುವುದಕ್ಕೆ ಚಳಿ-ಸೆಕೆಯ ಹಂಗಿಲ್ಲ. ಫೋಟಾನ್ ಬಂದು ಬಿದ್ದಿತು, ಶಕ್ತಿ ಒಳಗೆ ಹೋಯಿತು, ಅದು ಭೌತಶಾಸ್ತ್ರ. ಆ ಶಕ್ತಿಯನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಸಕ್ಕರೆ ಮಾಡುವುದು ರಸಾಯನಶಾಸ್ತ್ರ, ಕಿಣ್ವಗಳ ಕೆಲಸ. ಅದು ತಂಪಿನಲ್ಲಿ ನಿಧಾನವಾಗುತ್ತದೆ. ಆದಾಯ ಅಷ್ಟೇ ಬರುತ್ತಿದೆ, ಖರ್ಚಿಗೆ ದಾರಿ ಮುಚ್ಚಿದೆ. ಇನ್ನೊಂದು ಕಡೆ, ಬೆಳಕನ್ನು ಮೊದಲು ಕೆಲಸಕ್ಕೆ ಹಚ್ಚುವ ಫೋಟೋಸಿಸ್ಟಮ್-2 ಎಂಬ ಯಂತ್ರದ ನಡುವೆ ಡಿ1 ಎಂಬ ಪ್ರೋಟೀನ್ ಇದೆ. ಬೆಳಕಿನ ಏಟಿಗೆ ಅದು ಹಾಳಾಗುತ್ತಲೇ ಇರುತ್ತದೆ, ಒಳ್ಳೆಯ ಆರೋಗ್ಯದ ಕೋಶದಲ್ಲೂ. ಜೋರು ಬಿಸಿಲಿನಲ್ಲಿ ಅದರ ಆಯಸ್ಸನ್ನು ನಿಮಿಷಗಳಲ್ಲೇ ಎಣಿಸಬೇಕು. ಹಾಳಾದ ಡಿ1 ಅನ್ನು ಕಿತ್ತು, ಹೊಸದನ್ನು ಮಾಡಿ, ಪೊರೆಯೊಳಗೆ ಅದೇ ಜಾಗಕ್ಕೆ ಕೂರಿಸುವ ರಿಪೇರಿ ಹಗಲಿಡೀ ನಡೆಯುತ್ತದೆ. ಹಸಿರು ಜೀವಿಗಳ ಬದುಕು ಈ ಒಡೆಯುವುದು ಮತ್ತು ಕಟ್ಟುವುದರ ನಡುವಿನ ತಕ್ಕಡಿ.

ಜಪಾನಿನ ಒಕಝಾಕಿಯಲ್ಲಿರುವ ರಾಷ್ಟ್ರೀಯ ಮೂಲ ಜೀವವಿಜ್ಞಾನ ಸಂಸ್ಥೆಯಲ್ಲಿ ನೊರಿಯೊ ಮುರಾಟ ಮತ್ತು ಸಂಗಡಿಗರು ದಶಕಗಳ ಕಾಲ ಇದನ್ನೇ ಕೆದಕಿದರು. ಸಿನೆಕೊಸಿಸ್ಟಿಸ್ 6803 ಎಂಬ ಸಯನೋಬ್ಯಾಕ್ಟೀರಿಯಾ ಅವರ ಮೆಚ್ಚಿನ ಜೀವಿ. ಅದು ಚಳಿ ತಡೆಯುತ್ತದೆ. ಅನಾಸಿಸ್ಟಿಸ್ ನಿಡ್ಯುಲಾನ್ಸ್ ಎಂಬ ಅದರ ದೂರದ ನೆಂಟ ತಡೆಯುವುದಿಲ್ಲ. ಅದರ ಬಾಲಗಳಲ್ಲಿ ಒಂದಕ್ಕಿಂತ ಹೆಚ್ಚು ದ್ವಿಬಂಧ ಇರುವುದೇ ಇಲ್ಲ. 1990ರಲ್ಲಿ ಹಜಿಮೆ ವಾಡ, ಜೋಲ್ತಾನ್ ಗೊಂಬೋಶ್, ಮುರಾಟ ಸೇರಿ ಮೊದಲನೆಯದರ ಡೆಸ್‌ಎ ಎಂಬ ಒಂದೇ ಒಂದು ಜೀನ್ ತೆಗೆದು ಎರಡನೆಯದಕ್ಕೆ ಹಾಕಿದರು. ಅದು ಎರಡನೇ ದ್ವಿಬಂಧ ಹಾಕುವ ಕಿಣ್ವದ ಜೀನ್. ಚಳಿಗೆ ಕುಸಿಯುತ್ತಿದ್ದ ಜೀವಿ ಚಳಿ ತಡೆಯತೊಡಗಿತು. ಒಂದು ಜೀನ್, ಒಂದು ಬಾಗು!

ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು 1994ರಲ್ಲಿ ಅವರು ತೋರಿಸಿದ್ದು. ಪೊರೆಯಲ್ಲಿ ದ್ವಿಬಂಧ ಕಡಿಮೆ ಇರುವ ತಳಿಗಳನ್ನೂ ಮಾಮೂಲಿ ತಳಿಗಳನ್ನೂ ತಂಪಿನಲ್ಲಿಟ್ಟು ಜೋರು ಬೆಳಕು ಬಿಟ್ಟರು. ಬೆಳಕಿನಿಂದ ಆಗುವ ಹಾನಿಯ ವೇಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ರಿಪೇರಿಯಲ್ಲಿ. ಆಮೇಲಿನ ಕೆಲಸಗಳು ಇನ್ನೂ ಹತ್ತಿರ ಹೋಗಿ ನೋಡಿದವು: ಹೊಸ ಡಿ1 ಪ್ರೋಟೀನಿನ ತುದಿಯಲ್ಲೊಂದು ಹೆಚ್ಚುವರಿ ತುಂಡು ಇರುತ್ತದೆ, ಅದನ್ನು ಕತ್ತರಿಸಿದ ಮೇಲೇ ಅದು ಕೆಲಸಕ್ಕೆ ಬರುವುದು. ಗಟ್ಟಿ ಪೊರೆಯಲ್ಲಿ, ತಂಪಿನಲ್ಲಿ, ಆ ಕತ್ತರಿಸುವ ಕೆಲಸವೇ ತಡವಾಗುತ್ತದೆ. ಅಂದರೆ ಸಡಿಲ ಪೊರೆ ಏಟನ್ನು ತಪ್ಪಿಸುವುದಿಲ್ಲ, ಏಟು ತಿಂದಮೇಲೆ ಏಳುವುದಕ್ಕೆ ಜಾಗ ಮಾಡಿಕೊಡುತ್ತದೆ. ತೊಟ್ಟಿಯ ಹತ್ತಿರ ನಿಂತಿದ್ದ ಅಕ್ಕ ಮಾಡುತ್ತಿದ್ದುದು ತಕ್ಕಡಿಯ ಇನ್ನೊಂದು ತಟ್ಟೆಯ ಕೆಲಸ. ರಿಪೇರಿ ನಿಧಾನವಾಗಿರುವ ಹೊತ್ತಿನಲ್ಲಿ ಅವರು ಒಡೆಯುವುದನ್ನು ಕಡಿಮೆ ಮಾಡುತ್ತಿದ್ದರು. ಹೊರಗಿನ ತೊಟ್ಟಿಗಳಲ್ಲಿ ಪಾಚಿ ಬೆಳೆಸುವ ವಿಜ್ಞಾನಿಗಳೂ ಇದನ್ನು ಅಳೆದು ನೋಡಿದ್ದಾರೆ. ನೀರು ಇನ್ನೂ ತಣ್ಣಗಿರುವಾಗ ಬೀಳುವ ಬೆಳಗಿನ ಬಿಸಿಲಿಗೂ ಫೋಟೋಸಿಸ್ಟಮ್ ಏಟು ತಿನ್ನುತ್ತದೆ, ಇಳುವರಿ ಇಳಿಯುತ್ತದೆ.

ಚಳಿ ಮೊದಲು ತಿಳಿಯುವುದು ಯಾರಿಗೆ

ಇನ್ನೊಂದು ಪ್ರಶ್ನೆ ಉಳಿಯಿತು. ಚಳಿಯಾದಾಗ ಡಿಸ್ಯಾಚುರೇಸ್ ಜೀನ್‌ಗಳು ಎಚ್ಚರಗೊಳ್ಳುತ್ತವೆ, ಸರಿ. ಚಳಿಯಾಗಿದೆ ಅಂತ ಅವಕ್ಕೆ ಹೇಳುವವರು ಯಾರು? ಕೋಶದೊಳಗೆ ಪಾದರಸದ ಕಡ್ಡಿ ಇಲ್ಲ.

ಇಲ್ಲಿ ಬರುವ ಪ್ರಯೋಗವನ್ನು ಯಾರಿಗೆ ಹೇಳಿದರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಹಂಗೆರಿಯ ಸೆಗೆಡ್‌ನ ಲಾಸ್ಲೊ ವಿಗ್, ರಷ್ಯಾದ ದ್ಮಿತ್ರಿ ಲೋಸ್, ಹಂಗೆರಿಯವರೇ ಆದ ಇಬೋಲ್ಯ ಹೊರ್ವಾತ್, ಜೊತೆಗೆ ಮುರಾಟ, 1993. ಅವರು ಕೋಶವನ್ನು ತಣ್ಣಗೆ ಮಾಡಲೇ ಇಲ್ಲ. ಬೆಚ್ಚಗೆ ಇರುವಾಗಲೇ ಪಲ್ಲಾಡಿಯಂ ವೇಗವರ್ಧಕ ಬಳಸಿ ಹೊರಪೊರೆಯ ಬಾಲಗಳಿಗೆ ಸ್ವಲ್ಪವೇ ಹೈಡ್ರೋಜನ್ ತುಂಬಿದರು. ಅಂದರೆ ದ್ವಿಬಂಧ ಮುಚ್ಚಿ, ಬಾಗಿದ ಬಾಲಗಳನ್ನು ನೇರ ಮಾಡಿದರು. ಡಾಲ್ಡಾ ಕಾರ್ಖಾನೆಯಲ್ಲಿ ನಿಕ್ಕಲ್ ಬಳಸಿ ಎಣ್ಣೆಯನ್ನು ವನಸ್ಪತಿ ಮಾಡುತ್ತಾರಲ್ಲ, ಅದೇ ಕ್ರಿಯೆ, ಬದುಕಿರುವ ಕೋಶದ ಮೈಮೇಲೆ. ಪೊರೆ ಗಟ್ಟಿಯಾಯಿತು. ಚಳಿ ಇಲ್ಲದಿದ್ದರೂ ಡೆಸ್‌ಎ ಜೀನ್ ಎದ್ದು ಕೂತಿತು. ಪಾಪ, ಕೋಶಕ್ಕೆ ಚಳಿಗಾಲ ಬಂದಿದೆ ಅನ್ನಿಸಿತ್ತು.

ಪೊರೆ ಗಟ್ಟಿಯಾಗುವುದೇ ಅದಕ್ಕೆ ಚಳಿ. ಕೆಡುವ ವಸ್ತುವೇ ಕೆಟ್ಟಿದ್ದನ್ನು ಹೇಳುವ ಮಾಪಕ, ಸರಿಹೋಗಬೇಕಾದದ್ದೂ ಅದೇ. ಕಿಣ್ವಗಳು ಬಾಲ ಬಾಗಿಸುತ್ತಾ ಹೋದಂತೆ ಪೊರೆ ಸಡಿಲವಾಗುತ್ತದೆ, ಸಡಿಲವಾದಂತೆ ಕರೆ ನಿಲ್ಲುತ್ತದೆ. ಬೇರೆ ಥರ್ಮಾಮೀಟರು ಇಟ್ಟುಕೊಂಡಿದ್ದರೆ, ಪೊರೆ ಸರಿಹೋಯಿತೇ ಎಂದು ನೋಡಲು ಇನ್ನೊಂದು ವ್ಯವಸ್ಥೆ ಬೇಕಾಗುತ್ತಿತ್ತು. ಹೊರಗಿನ ಚಳಿ ಹಾಗೇ ಇದ್ದರೂ ಕೋಶದ ಮಟ್ಟಿಗೆ ಚಳಿ ಮುಗಿದಂತೆಯೇ.

ಆ ಕರೆಯನ್ನು ಕೇಳಿಸಿಕೊಳ್ಳುವ ಕಿವಿ ಯಾವುದು ಎಂದು ಹುಡುಕಿದ್ದು ಇನ್ನೂ ತಾಳ್ಮೆಯ ಕೆಲಸ. ಸಿನೆಕೊಸಿಸ್ಟಿಸ್‌ನ ಪೂರ್ತಿ ಜೀನೋಮನ್ನು ಜಪಾನಿನ ಕಝುಸ ಸಂಸ್ಥೆಯವರು 1996ರಲ್ಲೇ ಓದಿ ಮುಗಿಸಿದ್ದರು. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಹಾಗೆ ಓದಲಾದದ್ದು ಅದೇ ಮೊದಲು. ಹೊರಗಿನ ಬದಲಾವಣೆಯ ಸುದ್ದಿಯನ್ನು ಕೋಶದೊಳಗೆ ಮುಟ್ಟಿಸುವ ಪ್ರೋಟೀನುಗಳಿಗೆ ಹಿಸ್ಟಿಡಿನ್ ಕೈನೇಸ್ ಎಂದು ಹೆಸರು. ಅದರಲ್ಲಿ ಕಂಡ ಅಂಥ 40ಕ್ಕೂ ಹೆಚ್ಚು ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ, ಯಾವುದು ಇಲ್ಲದಿದ್ದರೆ ಚಳಿ ಗೊತ್ತಾಗುವುದಿಲ್ಲ ಎಂದು ನೋಡುತ್ತಾ ಹೋದರು. 2000ದಲ್ಲಿ ಸಿಕ್ಕಿದ್ದು ಹಿಕ್33, ಪೊರೆಯನ್ನು ಎರಡು ಕಡೆ ಹಾಯ್ದು ಕೂತಿರುವ ಪ್ರೋಟೀನ್. ಚಳಿಗೆ ಎಚ್ಚರಗೊಳ್ಳುವ ಜೀನ್‌ಗಳಲ್ಲಿ ಬಹಳಷ್ಟು ಇದರ ಮಾತು ಕೇಳುತ್ತವೆ, ಎಲ್ಲವೂ ಅಲ್ಲ. ಹಿಕ್33 ಇಲ್ಲದಿದ್ದರೂ ಚಳಿಗೆ ಎದ್ದೇಳುವ ಜೀನ್‌ಗಳಿವೆ. ಒಂದೇ ಕಿವಿ ನಂಬಿ ಕೂರುವಷ್ಟು ಅಮಾಯಕ ಜೀವಿ ಅದಲ್ಲ.

ಬಿಸಿಯ ಕಡೆ ಲೆಕ್ಕ ಬೇರೆ

ಇಷ್ಟು ಚೆಂದದ ಕತೆ ಸಿಕ್ಕಮೇಲೆ ಅದನ್ನು ತಿರುಗಿಸಿ ಹಾಕಲು ಎಲ್ಲರಿಗೂ ಆಸೆಯಾಗುತ್ತದೆ. ಚಳಿಗೆ ಪೊರೆ ಸಡಿಲ, ಸೆಕೆಗೆ ಪೊರೆ ಬಿಗಿ. ಜನಪ್ರಿಯ ವಿಜ್ಞಾನದ ಲೇಖನಗಳಲ್ಲಿ ಹೀಗೇ ಬರೆದಿರುತ್ತದೆ, ಒಂದು ಮಟ್ಟಿಗೆ ಸುಳ್ಳೂ ಅಲ್ಲ. ಬಿಸಿನೀರ ಬುಗ್ಗೆಗಳ ಸಯನೋಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಎರಡು ಮೂರು ದ್ವಿಬಂಧದ ಬಾಲಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಅಮೆರಿಕದ ಯೆಲ್ಲೊಸ್ಟೋನ್‌ನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ 1960ರ ದಶಕದಲ್ಲಿ ಗಮನಿಸಿದ ಹಾಗೆ ಹಸಿರು ಬಣ್ಣ ಸುಮಾರು 73 ಡಿಗ್ರಿಯವರೆಗೆ ಹೋಗುತ್ತದೆ, ಅಲ್ಲಿಗೆ ಗೆರೆ ಕೊರೆದ ಹಾಗೆ ನಿಲ್ಲುತ್ತದೆ. ಅದಕ್ಕಿಂತ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಬದುಕುತ್ತವೆ, ಬೆಳಕಿನಿಂದ ಊಟ ಮಾಡುವವು ಮಾತ್ರ ಇಲ್ಲ.

ಆದರೆ ಸಿನೆಕೊಸಿಸ್ಟಿಸ್‌ನಲ್ಲಿ ದ್ವಿಬಂಧಗಳನ್ನು ಬೇಕೆಂದೇ ಕಡಿಮೆ ಮಾಡಿ ನೋಡಿದಾಗ, ಚಳಿ ತಡೆಯುವ ಶಕ್ತಿ ಕುಸಿಯಿತೇ ಹೊರತು ಅದರ ಫೋಟೋಸಿಸ್ಟಮ್‌ಗೆ ಸೆಕೆ ತಡೆಯುವ ಶಕ್ತಿ ಹೆಚ್ಚಲಿಲ್ಲ. ಪೊರೆ ಬಿಗಿಯಾದರೂ ಲಾಭವಿಲ್ಲ. ಬಿಸಿಯಲ್ಲಿ ಮೊದಲು ಕೈಕೊಡುವುದು ನೀರನ್ನು ಒಡೆದು ಆಮ್ಲಜನಕ ಬಿಡುವ ಭಾಗ, ಅದನ್ನು ಹಿಡಿದು ನಿಲ್ಲಿಸುವುದು ಅದರ ಪಕ್ಕದಲ್ಲೇ ಕೂತ ಕೆಲವು ಸಣ್ಣ ಪ್ರೋಟೀನುಗಳು. ಈ ಅಸಮತೋಲ ನನಗೆ ಇಡೀ ವಿಷಯದಲ್ಲೇ ಇಷ್ಟವಾದದ್ದು.

ಹಾಗೆಂದು ಬಿಸಿಗೂ ಪೊರೆಗೂ ಸಂಬಂಧವೇ ಇಲ್ಲವೆಂದಲ್ಲ. ವಿಗ್ ಅವರ ಗುಂಪು ಕನ್ನಡಿಯಲ್ಲಿ ಕಂಡ ಹಾಗೆ ಇನ್ನೊಂದು ಪ್ರಯೋಗ ಮಾಡಿತು. ಪೊರೆಯನ್ನು ಸಡಿಲಗೊಳಿಸುವ ಬೆಂಜೈಲ್ ಆಲ್ಕೊಹಾಲ್ ಹಾಕಿದರೆ, ಮಾಮೂಲಿಗಿಂತ ಕಡಿಮೆ ಬಿಸಿಯಲ್ಲೇ ಕೋಶ ಸೆಕೆಯಿಂದ ಕಾಪಾಡುವ ಪ್ರೋಟೀನುಗಳನ್ನು ಮಾಡತೊಡಗುತ್ತದೆ. ಆ ಪ್ರೋಟೀನುಗಳಲ್ಲಿ ಒಂದು, ಎಚ್‌ಎಸ್‌ಪಿ17, ಪೊರೆಗೇ ಹೋಗಿ ಅಂಟಿಕೊಂಡು ಅದನ್ನು ಬಿಗಿ ಹಿಡಿಯುತ್ತದೆ. ಬಾಲ ನೇರ ಮಾಡುವ ಕಿಣ್ವ ಇಲ್ಲ. ಹಾಕಿದ ದ್ವಿಬಂಧವನ್ನು ಅಲ್ಲೇ ತೆಗೆಯಲಾಗುವುದಿಲ್ಲ. ಹೊಸ, ನೇರ ಬಾಲಗಳ ಲಿಪಿಡ್ ಮಾಡಿ ಹಳೆಯದನ್ನು ತೆಳುವಾಗಿಸಬೇಕು, ಅದಕ್ಕೆ ಬೆಳೆಯಬೇಕು, ಸಮಯ ಬೇಕು. ಅಲ್ಲಿಯವರೆಗೆ ಈ ಪ್ರೋಟೀನೇ ಆಸರೆ. ಚಳಿಗೆ ಹೊಂದುವುದು ಗಂಟೆಗಳ ಕೆಲಸ, ಸೆಕೆಗೆ ಪೊರೆಯನ್ನು ಒಗ್ಗಿಸುವುದು ತಲೆಮಾರುಗಳ ಕೆಲಸ, ಕೋಶದ ತಲೆಮಾರುಗಳ ಲೆಕ್ಕದಲ್ಲಿ.

ಸರೋವರದ ತಳ, ಕಡಲಿನ ಮೇಲ್ಮೈ

ಒಂದೇ ಕಡೆ ಪೂರ್ತಿ ವಾಲಿಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಂಟಾರ್ಕ್ಟಿಕಾದಲ್ಲೊಂದು ಉದಾಹರಣೆ ಇದೆ. ಅಲ್ಲಿನ ಬಾನಿ ಸರೋವರದ ಮೇಲೆ ವರ್ಷವಿಡೀ ಮಂಜುಗಡ್ಡೆ. ಕೆಳಗೆ ಹದಿನೇಳು ಮೀಟರು ಆಳದಲ್ಲಿ ಸಿಕ್ಕ ಒಂದು ಕ್ಲಾಮಿಡೊಮೊನಾಸ್ ಹಸಿರು ಪಾಚಿಯ ತಳಿ, ಯುಡಬ್ಲ್ಯೂಒ241. (ಇದು ಬ್ಯಾಕ್ಟೀರಿಯಾ ಅಲ್ಲ, ಆದರೂ ಸೂಕ್ಷ್ಮಜೀವಿಯೇ.) ಅಲ್ಲಿ ಹವೆ ಬದಲಾಗುವುದೇ ಇಲ್ಲ, ಬೆಳಕೂ ಮಸುಕು. ಅದರ ಪೊರೆ ಬಾಗಿದ ಬಾಲಗಳಿಂದ ತುಂಬಿದೆ, ಸೊನ್ನೆಯ ಹತ್ತಿರದ ನೀರಲ್ಲೂ ಆರಾಮವಾಗಿ ಬೆಳೆಯುತ್ತದೆ. ಆದರೆ 20 ಡಿಗ್ರಿಯಲ್ಲಿ ಅದರಿಂದ ಬೆಳೆಯಲಾಗುವುದಿಲ್ಲ, 24 ಡಿಗ್ರಿಯಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ. ಬೆಂಗಳೂರಿನವರು ಹಿತವಾದ ಹವೆ ಅನ್ನುವುದು ಅದಕ್ಕೆ ಕೊಲ್ಲುವ ಜ್ವರ.

ಇನ್ನು ಕಡಲು. ಮೀನೆಣ್ಣೆಯ ಒಮೆಗಾ-3 ಎಂದು ಕ್ಯಾಪ್ಸೂಲಿನಲ್ಲಿ ಮಾರುತ್ತಾರಲ್ಲ, ಮೀನು ಅದನ್ನು ಬಹುಪಾಲು ತಾನಾಗಿ ಮಾಡಿದ್ದಲ್ಲ. ಡಯಾಟಮ್ ಮೊದಲಾದ ಸೂಕ್ಷ್ಮ ಪಾಚಿಗಳ ಪೊರೆಯಲ್ಲಿದ್ದ, ಐದಾರು ಕಡೆ ಬಾಗಿದ ಬಾಲಗಳು ತಿಂದವರ ಹೊಟ್ಟೆಯಿಂದ ತಿಂದವರ ಹೊಟ್ಟೆಗೆ ಬಂದದ್ದು. ನಮ್ಮ ಕರಾವಳಿಯ ಬೂತಾಯಿಯ ಕತೆಯೂ ಅದೇ. ಮಳೆಗಾಲದಲ್ಲಿ ಕಡಲ ತಳದ ತಣ್ಣೀರು ಮೇಲೆ ಬಂದಾಗ ಡಯಾಟಮ್‌ಗಳು ಉಕ್ಕುತ್ತವೆ, ಬೂತಾಯಿ ಅದನ್ನು ಸೋಸಿ ತಿಂದು ಕೊಬ್ಬುತ್ತದೆ. ಫ್ರಾಜಿಲೇರಿಯ ಓಶಿಯಾನಿಕಾ ಎಂಬ ಡಯಾಟಮ್ ಹೆಚ್ಚಿದ ಕಾಲಕ್ಕೂ ಬೂತಾಯಿ ಹೇರಳವಾಗಿ ಸಿಗುವ ಕಾಲಕ್ಕೂ ಇರುವ ನಂಟನ್ನು ಮೀನುಗಾರಿಕೆಯ ವಿಜ್ಞಾನಿಗಳು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಮಲ್ಪೆಯಲ್ಲಿ ಬೂತಾಯಿ ಹುರಿಯುವಾಗ ಬಾಣಲೆಗೆ ಬಿಡುವ ಎಣ್ಣೆಯಲ್ಲಿ ಒಂದು ಪಾಲು ಯಾವುದೋ ಪಾಚಿಯ ಪೊರೆ.

ನೀರು ಬಿಸಿಯಾದರೆ ಪಾಚಿಗಳು ಪೊರೆಯಲ್ಲಿ ಬಾಗುಗಳನ್ನು ಕಡಿಮೆ ಮಾಡುತ್ತವೆ, ಅದು ಅವುಗಳ ಮಟ್ಟಿಗೆ ಜಾಣತನವೇ. ಕಡಲು ಬಿಸಿಯಾಗುತ್ತಿರುವುದೂ ನಮಗೆಲ್ಲ ಗೊತ್ತಿರುವುದೇ. ಇವೆರಡನ್ನೂ ಜೋಡಿಸಿ, ಮುಂದೆ ಕಡಲಿನಿಂದ ಸಿಗುವ ಒಮೆಗಾ-3 ಇಳಿಯಬಹುದು ಎಂದು ಲೆಕ್ಕ ಹಾಕುತ್ತಿರುವವರಿದ್ದಾರೆ. ಮೀನು ತಿನ್ನುವ ನನ್ನ ಸ್ನೇಹಿತನಿಗೆ ಇದನ್ನು ವಿವರಿಸಿದೆ. ಅವನು ಪೂರ್ತಿ ಕೇಳಿ, "ಹಾಗಾದ್ರೆ ಬೂತಾಯಿ ರೇಟು ಮತ್ತೆ ಏರುತ್ತೆ ಅನ್ನು" ಅಂದ.